ನನ್ನದಲ್ಲದ ಒಂದು ರಿವಾಲ್ವರ್ ಬಗ್ಗೆ, ಅದನ್ನು ನನ್ನ ಕೈಗಿತ್ತ ಅಧಿಕಾರಿಗಳಿಗೆ

ಮಾನ್ಯ ಆಯುಧ ಪರವಾನಗಿ ಅಧಿಕಾರಿಗಳೇ,

ನಿಮ್ಮ ಕಚೇರಿ ನನಗೆ ಬೇರೆಯವರ ರಿವಾಲ್ವರನ್ನು ಕೊಟ್ಟು ಕಳಿಸಿತು. ಅದು ನನ್ನದಲ್ಲ ಎಂದು ಗೊತ್ತಾದ ಮೇಲೂ ನಾನು ಅದನ್ನು ನನ್ನ ಬೀರುವಿನಲ್ಲೇ ಇಟ್ಟುಕೊಂಡೆ. ಮೊದಲನೆಯದು ನಿಮ್ಮ ತಪ್ಪು, ಎರಡನೆಯದು ನನ್ನದು. ಈ ಎರಡರ ನಡುವೆ ಸಿಕ್ಕಿ, ಯಾವ ತಪ್ಪನ್ನೂ ಮಾಡದ ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡು ಊರು ಬಿಟ್ಟ. ನನ್ನ ಪಾಲಿನದನ್ನು ಒಪ್ಪಿಕೊಳ್ಳಲು ನಿಮ್ಮ ಕಚೇರಿಗೆ ಮತ್ತೆ ಮತ್ತೆ ಬಂದೆ. ಬಂದಾಗಲೆಲ್ಲ ಸಿಕ್ಕ ಉತ್ತರ ಒಂದೇ: ದಾಖಲೆ ಸರಿಯಾಗಿದೆ. ಕಳ್ಳ ತಾನಾಗಿ ಬಂದು ಬಾಗಿಲು ಬಡಿದರೂ ತೆಗೆಯದ ಕಚೇರಿ ನಿಮ್ಮದೊಂದೇ ಇರಬೇಕು. ಹಾಗಾಗಿ ಊರೆಲ್ಲ ಓದಲೆಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಲಾಂಡ್ರಿ ಅಂಗಡಿಯವನು. ಜನ ತಮ್ಮ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೋಗುತ್ತಾರೆ, ತಮ್ಮದೇ ಬಟ್ಟೆ ವಾಪಸ್ ಸಿಗುತ್ತದೆ ಎಂಬ ನಂಬಿಕೆಯ ಮೇಲೆ. ಒಂದು ಕೋಟು ಬಂದರೆ ಅದರ ಬಣ್ಣ, ಗುಂಡಿಗಳ ಲೆಕ್ಕ, ಅಸ್ತರು ಎಲ್ಲಿ ಹರಿದಿದೆ, ಕಲೆ ಎಲ್ಲಿದೆ ಎಂಬುದನ್ನೆಲ್ಲ ಗಿರಾಕಿಯ ಎದುರೇ ನೋಡಿ, ಕಾಲರಿನ ಒಳಗೆ ನಂಬರಿನ ಚೀಟಿ ಹೊಲಿದೇ ಒಳಗೆ ಕಳಿಸುತ್ತೇವೆ. ಬಟ್ಟೆ ಅದಲುಬದಲಾಗುವುದು ನಮ್ಮಲ್ಲೂ ಉಂಟು. ಆದರೆ ಒಂದು ಪ್ಯಾಂಟು ತಪ್ಪಿ ಹೋದರೂ ಸಂಜೆಯೊಳಗೆ ಹುಡುಕಿಕೊಂಡು ಹೋಗಿ ತರುತ್ತೇವೆ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಬೇರೆಯವರ ವಸ್ತುವನ್ನು ಬೇರೆಯವರಿಗೆ ತಲುಪಿಸುವುದೇ ಕಸುಬಾಗಿದ್ದವನು ಏನು ಮಾಡಿದೆ ಎಂಬುದು ನಿಮಗೆ ಸರಿಯಾಗಿ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ನನ್ನ ತಂದೆ ಒಂದು ಸಾರಿಗೆ ಕಂಪನಿಯಲ್ಲಿ ಖಜಾಂಚಿಯಾಗಿದ್ದರು. ಸಂಬಳದ ದಿನ ಬ್ಯಾಂಕಿನಿಂದ ಹಣದ ಪೆಟ್ಟಿಗೆ ತರುವವರು ಎಂದು ಕಂಪನಿಯವರೇ ಲೈಸೆನ್ಸ್ ಕೊಡಿಸಿ, ಹಳೆಯದೊಂದು ರಿವಾಲ್ವರ್ ಅವರ ಸೊಂಟಕ್ಕೆ ಕಟ್ಟಿದರು. ಅವರು ಅದರಿಂದ ಒಂದು ಗುಂಡನ್ನೂ ಹಾರಿಸಲಿಲ್ಲ. ಆದರೆ ಪ್ರತಿ ಭಾನುವಾರ ಪೇಪರ್ ಹಾಸಿ ಕೂತು, ಬಚ್ಚಲಿನ ನಲ್ಲಿ ಉಜ್ಜುವ ಪಾಲಿಶ್ ಹಚ್ಚಿ ಅದನ್ನು ತಿಕ್ಕುತ್ತಿದ್ದರು. ತಿಕ್ಕೀ ತಿಕ್ಕೀ ಅದರ ಮೈಮೇಲಿದ್ದ ನಂಬರೇ ಸವೆದುಹೋಯಿತು. ತಂದೆ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಅದರಲ್ಲಿ ಸಂಖ್ಯೆ ಎಂಬ ಅಂಕಣದ ಎದುರು ನಿಮ್ಮ ಕಚೇರಿಯವರೇ ಬರೆದಿದ್ದಾರೆ: ಸವೆದಿದೆ, ಓದಲಾಗದು. ದಯವಿಟ್ಟು ಈ ಮಾತನ್ನು ನೆನಪಿಡಿ. ನಿಮ್ಮ ಕಚೇರಿಯಲ್ಲಿ ಇದನ್ನು ನೆನಪಿಟ್ಟವರು ಯಾರೂ ಇಲ್ಲ.

ನನಗೆ ಆ ವಸ್ತುವನ್ನು ಕಂಡರೆ ಆಗುತ್ತಿರಲಿಲ್ಲ. ಚರ್ಮದ ಚೀಲದೊಳಗೆ ಹಾಕಿ ಬೀರುವಿನ ಮೇಲಿನ ಅರೆಯಲ್ಲಿಟ್ಟವನು ಮತ್ತೆ ಅದರ ಮುಖ ನೋಡಿರಲಿಲ್ಲ. ಚುನಾವಣೆ ಬಂದಾಗ ಎಲ್ಲರೂ ಆಯುಧಗಳನ್ನು ಒಪ್ಪಿಸಬೇಕೆಂದು ನೀವು ಆದೇಶ ಹೊರಡಿಸಿದಿರಿ. ಚೀಲದ ಸಮೇತ ಒಪ್ಪಿಸಿದೆ. ಚುನಾವಣೆ ಮುಗಿದ ಮೇಲೆ ಕರೆದಿರಿ. ಚೀಲದ ಸಮೇತ ಮನೆಗೆ ತಂದೆ. ಒಳಗೆ ಬಿಚ್ಚಿ ನೋಡಲಿಲ್ಲ. ಕೊಟ್ಟವರೂ ನೋಡಲಿಲ್ಲ. ಆಮೇಲೆ ತಿಳಿದದ್ದು: ನಿಮ್ಮವರು ಒಪ್ಪಿಸಿದ್ದನ್ನೆಲ್ಲ ಚೀಲದಿಂದ ಹೊರಗೆ ತೆಗೆದು, ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಪತ್ರಿಕೆಯವರಿಗೆ ಫೋಟೋ ಕೊಟ್ಟು, ಕೈಗೆ ಸಿಕ್ಕಿದ್ದನ್ನು ಸಿಕ್ಕ ಚೀಲಕ್ಕೆ ತುರುಕಿದ್ದರು. ಫೋಟೋ ಚೆನ್ನಾಗಿ ಬಂದಿತ್ತು.

ಅದಾದ ಸ್ವಲ್ಪ ದಿನಕ್ಕೆ ನಿಮ್ಮ ಹೊಸ ಸುತ್ತೋಲೆ ಬಂತು. ಹಳೆಯ ಆಯುಧ ಇಟ್ಟುಕೊಂಡವರು ಅದರ ವಯಸ್ಸು ಎಷ್ಟು, ಬೆಲೆ ಎಷ್ಟು ಎಂದು ತಜ್ಞರಿಂದ ದೃಢೀಕರಿಸಿಕೊಂಡು ಬಂದರೆ ಮಾತ್ರ ಲೈಸೆನ್ಸ್ ನವೀಕರಣ. ವಿಳಾಸ ಹುಡುಕಿಕೊಂಡು, ಬಚ್ಚಲುಮನೆಯ ಟೈಲ್ಸ್ ಮಾರುವ ಅಂಗಡಿಯ ಮಹಡಿಯಲ್ಲಿದ್ದ ಮೌಲ್ಯಮಾಪಕಿಯೊಬ್ಬರ ಬಳಿಗೆ ಹೋದೆ. ಹರಾಜು ಮಳಿಗೆಗಳಿಗೆ ಹಳೆಯ ಗಡಿಯಾರ, ಕತ್ತಿ, ಬಂದೂಕುಗಳ ಬೆಲೆ ಕಟ್ಟಿಕೊಡುವವರು. ಅವರು ಮೊದಲು ಆರು ಕುಳಿಗಳನ್ನೂ ತಿರುಗಿಸಿ, ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಹಿಡಿಯ ತಿರುಪು ಬಿಚ್ಚಿ, ಮರದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಕೆಳಗಿನ ಕಬ್ಬಿಣದ ಮೇಲೆ ಟಾರ್ಚ್ ಹಿಡಿದರು. ಅಲ್ಲೊಂದು ನಂಬರಿತ್ತು. ಅದೇ ನಂಬರು ತಿರುಗುವ ಉರುಳೆಯ ಮೇಲೂ ಇತ್ತು, ನಳಿಕೆಯ ಬುಡದಲ್ಲೂ ಇತ್ತು.

"ಮೂರೂ ಒಂದೇ. ಅಂದ್ರೆ ಯಾವ ಭಾಗಾನೂ ಬದಲಾಗಿಲ್ಲ, ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ" ಎಂದರು.

ನಳಿಕೆಯ ಮೇಲೆ ತಯಾರಕರ ವಿಳಾಸವಿತ್ತು. ಆ ಕಾರ್ಖಾನೆ ಮುಂದೆ ಬೇರೆ ಬೀದಿಗೆ ಹೋಯಿತಂತೆ; ಹಳೆಯ ಬೀದಿಯ ಹೆಸರಿದ್ದರೆ ಅದಕ್ಕೂ ಹಿಂದಿನದೇ ಆಗಿರಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ಒತ್ತುವ ಪುಟ್ಟ ಮುದ್ರೆಯ ಆಕಾರವನ್ನೂ ಪುಸ್ತಕದಲ್ಲಿ ಹೋಲಿಸಿ ನೋಡಿದರು. ನೂರು ವರ್ಷ ದಾಟಿದೆ ಎಂದರು. ಕೊನೆಗೆ ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೈಮೇಲಿನ ಮಾಸಿದ ನೀಲಿ ಹೊಳಪನ್ನು ತೋರಿಸಿದರು.

"ಬೆಲೆ ಇರೋದೇ ಇದಕ್ಕೆ. ಇದು ಕಾರ್ಖಾನೇಲಿ ಕೊಟ್ಟ ಬಣ್ಣ. ಎಷ್ಟೋ ಜನ ಚೆನ್ನಾಗಿ ಕಾಣ್ಲಿ ಅಂತ ಉಜ್ಜಿ ಉಜ್ಜಿ ಹಾಳು ಮಾಡಿರ್ತಾರೆ. ನಿಮ್ಮ ತಂದೆ ಒಂದು ದಿನಾನೂ ಉಜ್ಜಿಲ್ಲ, ಪುಣ್ಯಾತ್ಮರು."

ನನಗೆ ಅಲ್ಲೇ ಗೊತ್ತಾಯಿತು. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಲೇಬೇಕಿತ್ತು. ತಿಕ್ಕಿ ಬಣ್ಣ ಕಳೆದುಕೊಂಡದ್ದು ಮತ್ತೆ ಬಣ್ಣ ಪಡೆಯುವುದಿಲ್ಲ ಎಂಬುದು ನನ್ನ ಕಸುಬಿನ ಮೊದಲ ಪಾಠ. ಆಕೆ ಬೆಲೆ ಹೇಳಿದರು. ನಮ್ಮ ಅಂಗಡಿಯ ಬಾಯ್ಲರ್ ಬಿರುಕು ಬಿಟ್ಟು, ಇಸ್ತ್ರಿಗೆ ಹಬೆ ಸಾಲದೆ, ಅರ್ಧ ಕೆಲಸ ಕೈತಪ್ಪುತ್ತಿದ್ದ ಕಾಲ ಅದು. ಅವರು ಹೇಳಿದ ಬೆಲೆಗೆ ಹೊಸ ಬಾಯ್ಲರ್ ಬಂದು, ಅಂಗಡಿಗೆ ಸುಣ್ಣಬಣ್ಣವೂ ಆಗುತ್ತಿತ್ತು. ಆಮೇಲೆ ಅವರು ಸಹಜವಾಗಿ ಕೇಳಿದರು, ಲೈಸೆನ್ಸ್ ತಂದಿದ್ದೀರಾ, ಅದರಲ್ಲಿರುವ ನಂಬರಿಗೆ ಹೊಂದಿಸಿ ನೋಡಿಬಿಡೋಣ ಎಂದು.

"ಮನೇಲೇ ಮರೆತು ಬಂದೆ" ಎಂದೆ.

ಲೈಸೆನ್ಸ್ ನನ್ನ ಅಂಗಿಯ ಜೇಬಿನಲ್ಲಿತ್ತು. ಮಾನ್ಯರೇ, ನೀವು ನನ್ನ ಮೇಲೆ ಮೊಕದ್ದಮೆ ಹೂಡುವುದಾದರೆ ಇಲ್ಲಿಂದ ಶುರುಮಾಡಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು, ನಾವೇನೂ ಕದ್ದಿಲ್ಲವಲ್ಲ, ಕಚೇರಿಯವರೇ ಕೊಟ್ಟದ್ದಲ್ಲವೇ ಎಂದಳು. ನಾನು ಹೌದೆಂದೆ. ಕಳೆದುಕೊಂಡವರು ಯಾರೋ ದೊಡ್ಡವರೇ ಇರಬೇಕು, ಅವರಿಗೆ ಇಂಥವು ಹತ್ತು ಇರಬಹುದು ಎಂದೂ ನಾವೇ ಕಲ್ಪಿಸಿಕೊಂಡೆವು. ಬೇಕಾದ ಸುಳ್ಳು ಎಷ್ಟು ಬೇಗ ಬಾಯಿಪಾಠವಾಗುತ್ತದೆ ನೋಡಿ. ಪ್ರಮಾಣಪತ್ರವನ್ನು ನಿಮ್ಮ ಕಚೇರಿಗೆ ಕೊಟ್ಟೆ. ಅದರಲ್ಲಿ ನಂಬರು ಸ್ಪಷ್ಟವಾಗಿ ಅಚ್ಚಾಗಿತ್ತು. ಪಕ್ಕದಲ್ಲೇ ಇದ್ದ ಲೈಸೆನ್ಸಿನಲ್ಲಿ ಸವೆದಿದೆ, ಓದಲಾಗದು ಎಂದಿತ್ತು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ, ಎರಡರ ಮೇಲೂ ಮೊಹರು ಒತ್ತಿದರು. ಸವೆದುಹೋದ ಅಂಕಿ ನಿಮ್ಮ ಕಚೇರಿಯಲ್ಲಿ ಮತ್ತೆ ಚಿಗುರಿತು. ಇಷ್ಟು ಫಲವತ್ತಾದ ನೆಲ ಬೇರೆ ಎಲ್ಲಿದೆ?

ನವೀಕರಿಸಿದ ಲೈಸೆನ್ಸ್ ತೆಗೆದುಕೊಳ್ಳಲು ಹೋದ ದಿನ ನಿಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಬಿಳಿಗೂದಲನ್ನು ಬಿಗಿಯಾಗಿ ಎಳೆದು ಕಟ್ಟಿದ್ದ ಹಿರಿಯ ಹೆಂಗಸೊಬ್ಬರು ಕೌಂಟರಿನ ಮುಂದೆ ನಿಂತಿದ್ದರು. ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು ಎಂದು ಅವರ ಮಾತಿನಿಂದಲೇ ತಿಳಿಯಿತು. ಅವರು ಚರ್ಮದ ಚೀಲದಿಂದ ರಿವಾಲ್ವರೊಂದನ್ನು ತೆಗೆದು ಕೌಂಟರಿನ ಮೇಲಿಟ್ಟರು. ಅದು ಬಚ್ಚಲ ನಲ್ಲಿಯ ಹಾಗೆ ಪಳಪಳನೆ ಹೊಳೆಯುತ್ತಿತ್ತು. ನನ್ನ ತಂದೆಯ ಎಷ್ಟು ಭಾನುವಾರಗಳು ಆ ಹೊಳಪಿನಲ್ಲಿದ್ದವೋ, ದೇವರೇ ಬಲ್ಲ.

"ಇದು ನಮ್ಮಪ್ಪನದಲ್ಲ" ಎಂದರು ಮೇಟ್ರನಮ್ಮ.

"ಚೀಲ ನಿಮ್ದೇ ತಾನೇ?" ಎಂದ ನಿಮ್ಮ ಗುಮಾಸ್ತ.

"ಚೀಲ ನಮ್ದೇ."

"ಹಾಗಾದ್ರೆ ಒಳಗಿರೋದೂ ನಿಮ್ದೇ. ಇಲ್ಲಿಂದ ತಗೊಂಡು ಹೋದೋರು ಯಾರು?"

"ನನ್ನ ತಮ್ಮ."

"ಅವರನ್ನ ಕೇಳಿ ಅಮ್ಮಾ. ಮನೆಯೊಳಗಿನ ಮಾತನ್ನ ಕಚೇರಿಗೆ ತರಬೇಡಿ."

ಕೇಳಿದ್ದಾಯಿತು, ಗೊತ್ತಿಲ್ಲ ಎನ್ನುತ್ತಾನೆ ಎಂದರು ಆಕೆ. ಆಮೇಲೆ ದನಿ ತಗ್ಗಿಸಿ, ತಮ್ಮ ಹಿಂದೊಮ್ಮೆ ಕುಡಿತಕ್ಕೆ ಬಿದ್ದು ಮನೆಯ ಸಾಮಾನು ಮಾರಿದ್ದನೆಂದೂ, ಬಿಟ್ಟು ವರ್ಷಗಳೇ ಆದುವೆಂದೂ, ತಾನು ನಂಬಿದ್ದೆನೆಂದೂ ಹೇಳಿದರು. ಗುಮಾಸ್ತ ನಕ್ಕು, ಮತ್ತೆ ಇನ್ನೇನು, ಎಂದ. ಅವರ ಲೈಸೆನ್ಸಿನ ಸಂಖ್ಯೆಯ ಅಂಕಣ ಪೂರ್ತಿ ಖಾಲಿಯಿತ್ತಂತೆ. ಒಂದು ಹಳೆಯ ರಿವಾಲ್ವರ್, ಆರು ಗುಂಡಿನದು, ಎಂದಷ್ಟೇ ಬರೆದಿತ್ತು. ಹಿಡಿಯ ತಿರುಪು ಬಿಚ್ಚಿ ನೋಡುವ ಪುರುಸೊತ್ತು ನಿಮ್ಮಲ್ಲಿ ಯಾರಿಗೂ ಯಾವತ್ತೂ ಸಿಕ್ಕಿರಲಿಲ್ಲ. ಹೊಳೆಯುತ್ತಿದ್ದದ್ದು ಹಳೆಯದೇ, ಆರು ಗುಂಡಿನದೇ. ದಾಖಲೆ ಸರಿಯಾಗಿತ್ತು. ಪೊಲೀಸ್ ಠಾಣೆಯಲ್ಲಿ ತಮ್ಮನ ಮೇಲೆ ದೂರು ಕೊಡಿ ಎಂದು ನಿಮ್ಮ ಗುಮಾಸ್ತನೇ ದಾರಿ ತೋರಿಸಿ ಕಳಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ. ಬರೆಯ ಕಬ್ಬಿಣ ಕಾಯುವುದನ್ನು ಅಂದು ಕಣ್ಣಾರೆ ಕಂಡೆ.

ನಾನು ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನ ಹೆಸರು ಕರೆದರು, ಸಹಿ ಹಾಕಿದೆ, ಲೈಸೆನ್ಸ್ ತೆಗೆದುಕೊಂಡು ಅವರ ಪಕ್ಕದಲ್ಲೇ ಹಾದು ಹೊರಗೆ ಬಂದೆ. ಇದಕ್ಕೆ ನಿಮ್ಮ ಕಚೇರಿಯ ಯಾವ ಅವ್ಯವಸ್ಥೆಯೂ ಕಾರಣವಲ್ಲ.

ರಿವಾಲ್ವರನ್ನು ಮಾರಲೂ ಆಗದೆ, ಮರಳಿಸಲೂ ಆಗದೆ ಬೀರುವಿನಲ್ಲೇ ಇಟ್ಟಿದ್ದೆ. ಮುಂದೆ ಏನಾಯಿತೆಂದು ತಿಳಿದದ್ದು ಬೇಸಿಗೆ ಕಳೆದ ಮೇಲೆ. ನಮ್ಮಲ್ಲಿ ಸಮವಸ್ತ್ರ ಒಗೆಸುವ ಪೇದೆಯೊಬ್ಬ ಇಸ್ತ್ರಿಗಾಗಿ ಕಾಯುತ್ತ, ಮಾತಿಗೆ ಮಾತು ಬಂದು ಹೇಳಿದ. ಮೇಟ್ರನಮ್ಮನ ತಮ್ಮನನ್ನು ಠಾಣೆಗೆ ಕರೆಸಿ ಎರಡು ದಿನ ಕೂಡಿಸಿದ್ದರಂತೆ. ಕೈ ಮಾಡಲಿಲ್ಲ, ಕೇಳಿದ್ದನ್ನೇ ಕೇಳಿದೆವು ಅಷ್ಟೆ, ಎಂದ. ಯಾರಿಗೆ ಮಾರಿದೆ? ಈ ಅಗ್ಗದ್ದನ್ನು ಎಲ್ಲಿಂದ ತಂದಿಟ್ಟೆ? ಸಾಕ್ಷಿ ಸಿಗದೆ ಬಿಟ್ಟು ಕಳಿಸಿದಾಗ ಅಕ್ಕ ಬಾಗಿಲು ತೆರೆಯಲಿಲ್ಲ. ತಮ್ಮ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹೋದನಂತೆ. "ಒಳ್ಳೆ ಮನುಷ್ಯ ಸಾರ್, ಹಳೇ ಚಾಳಿ ಬಿಡ್ಲಿಲ್ಲ ನೋಡಿ" ಎಂದು ಪೇದೆ ಗಂಟು ಹೊತ್ತು ಹೊರಟ.

ಅಂದು ಮಧ್ಯಾಹ್ನವೇ ಅಂಗಡಿಯ ಬಾಗಿಲು ಅರ್ಧ ಎಳೆದು, ಕಾರಿಡಾರಿನಲ್ಲಿ ಕಂಡದ್ದನ್ನು ಹೆಂಡತಿಗೆ ಮೊದಲ ಬಾರಿಗೆ ಹೇಳಿದೆ. ಅವಳು ಅಂಗಿಯೊಂದನ್ನು ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಿದಳು.

"ಮೊದಲು ನೀವು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅದರಲ್ಲಿ ನಂದೂ ಪಾಲಿದೆ. ಆದ್ರೆ ಆಯಮ್ಮ ಕಣ್ಣೆದುರಿಗೇ ನಿಂತಿದ್ರಲ್ಲ. ಆಗ್ಲೂ ನಿಮಗೆ ಬಾಯಿ ಬರ್ಲಿಲ್ವಾ?"

ಅರ್ಧ ಎಳೆದಿದ್ದ ಬಾಗಿಲನ್ನು ಪೂರ್ತಿ ಎಳೆದೆ.

ಮರುದಿನ ಪೇದೆಯಿಂದ ವಿಳಾಸ ಕೇಳಿಕೊಂಡು ಇಬ್ಬರೂ ಮೇಟ್ರನಮ್ಮನ ಮನೆಗೆ ಹೋದೆವು. ಅಚ್ಚುಕಟ್ಟಾದ ಎರಡು ಕೋಣೆಯ ಮನೆ. ಗೋಡೆಯ ಮೊಳೆಗೆ ಗಂಡಸಿನ ಸ್ವೆಟರೊಂದು ತೂಗುಹಾಕಿತ್ತು. ಯಾರೂ ಅದನ್ನು ತೆಗೆದಿಟ್ಟಿರಲಿಲ್ಲ. ಬಯ್ಯುತ್ತಾರೆಂದು, ಹೊರಗೆ ಹೋಗಿ ಎನ್ನುತ್ತಾರೆಂದು ತಯಾರಾಗಿ ಹೋಗಿದ್ದೆ. ಆಕೆ ಪೂರ್ತಿ ಕೇಳಿಸಿಕೊಂಡರು. ಗಣಿಯಲ್ಲಿ ಮೇಲ್ವಿಚಾರಕರಾಗಿದ್ದ ಅಪ್ಪ ಆ ರಿವಾಲ್ವರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಡುತ್ತಿದ್ದರೆಂದೂ, ಯಾರಿಗೂ ಉಜ್ಜಲು ಬಿಡುತ್ತಿರಲಿಲ್ಲವೆಂದೂ ಹೇಳಿದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಆವತ್ತು ಬೆಂಚಿನ ಮೇಲೆ ಕೂತಿದ್ದೋರು ನೀವೇನಾ?"

"ಹೌದು."

"ನನ್ನನ್ನೇ ನೋಡ್ತಿದ್ರಿ. ಅಷ್ಟು ಜನರಲ್ಲಿ ಈ ಒಬ್ಬ ಮನುಷ್ಯನಿಗಾದ್ರೂ ನನ್ನ ಸಂಕಟ ಅರ್ಥ ಆಗ್ತಿದೆ ಅಂದ್ಕೊಂಡಿದ್ದೆ."

ಮಾನ್ಯರೇ, ನಿಮ್ಮ ಕಾನೂನಿನಲ್ಲಿ ಎಷ್ಟು ಬಗೆಯ ಶಿಕ್ಷೆಗಳಿವೆಯೋ ನನಗೆ ಗೊತ್ತಿಲ್ಲ. ಈ ಮಾತಿಗಿಂತ ದೊಡ್ಡದೊಂದು ಇದ್ದರೆ ಅದನ್ನೂ ಕೊಡಿ.

ಅಲ್ಲಿಂದ ಶುರುವಾಯಿತು ನಿಮ್ಮ ಕಚೇರಿಯ ಪ್ರದಕ್ಷಿಣೆ. ಮೊದಲ ಬಾರಿ ನಾನೊಬ್ಬನೇ ಬಂದೆ, ಅರ್ಜಿ ತೆಗೆದುಕೊಳ್ಳಲಿಲ್ಲ. ನೀವು ಹೇಳುವುದು ನಿಜವಾದರೆ ನೀವೂ ಆಯಮ್ಮನೂ ಇಬ್ಬರೂ ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡ ಅಪರಾಧಿಗಳು, ಸುಳ್ಳಾದರೆ ಅರ್ಜಿಯೇ ಬೇಕಿಲ್ಲ, ಎಂದು ಹೆಡ್ ಕ್ಲರ್ಕ್ ಬಿಡಿಸಿ ಹೇಳಿದರು. ಇಂಥ ತರ್ಕದ ಮುಂದೆ ನಾನೆಷ್ಟರವನು? ಎರಡನೆಯ ಬಾರಿ ಮೌಲ್ಯಮಾಪಕಿಯನ್ನು ಕರೆದುಕೊಂಡು ಬಂದೆ. ಅವರಿಗೂ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಿದ್ದೆ. ಕೋಪ ಮಾಡಿಕೊಂಡರೂ ಬಂದರು. ಅಳಿದ ನಂಬರು ಮೂಡಲಾರದು, ಕಳೆದ ಬಣ್ಣ ಮರಳಲಾರದು, ಆದ್ದರಿಂದ ಇದು ಈತನ ಲೈಸೆನ್ಸಿನ ಆಯುಧವಾಗಿರಲಾರದು ಎಂದು ಬರೆದುಕೊಟ್ಟರು. ಅದನ್ನೂ ದಾರದಲ್ಲಿ ಪೋಣಿಸಿಕೊಂಡಿರಿ. ಕೊನೆಗೆ ಮೇಟ್ರನಮ್ಮನೂ ನಾನೂ ಎರಡು ರಿವಾಲ್ವರ್‌ಗಳನ್ನೂ ತಂದು ನಿಮ್ಮ ಮೇಜಿನ ಮೇಲಿಟ್ಟೆವು. ಆಗ ನೀವು ಸ್ವತಃ ಹೊರಗೆ ಬಂದಿರಿ. ಎರಡನ್ನೂ ನೋಡಿದಿರಿ. "ಎರಡೂ ಹಳೇವೇ ಅಲ್ವಾ? ಹೊಂದಾಣಿಕೆ ಮಾಡ್ಕೊಳ್ಳಿ" ಎಂದಿರಿ. ನಾವು ಒಪ್ಪದಿದ್ದಾಗ, ಹಕ್ಕು ಇತ್ಯರ್ಥವಾಗದ ಆಯುಧಗಳೆಂದು ಎರಡನ್ನೂ ವಶಕ್ಕೆ ಪಡೆದು, ನಿಮ್ಮ ಕಚೇರಿಯ ಬೀರುವಿನ ಒಂದೇ ಖಾನೆಯಲ್ಲಿ, ಒಂದಕ್ಕೂ ಚೀಟಿ ಕಟ್ಟದೆ ಇಡಿಸಿದಿರಿ. ಇನ್ನೊಮ್ಮೆ ಅದಲುಬದಲಾದರೆ ತಾನಾಗಿಯೇ ಸರಿಹೋಗುತ್ತದೆ ಎಂಬ ಭರವಸೆ ನಿಮಗಿದ್ದಿರಬೇಕು.

ಕಬ್ಬಿಣದ ವಿಷಯ ಇರಲಿ. ಮನುಷ್ಯನ ವಿಷಯಕ್ಕೆ ಬರುತ್ತೇನೆ.

ಮೇಟ್ರನಮ್ಮನ ತಮ್ಮ ಠಾಣೆಯಲ್ಲಿ ಬಿಟ್ಟುಹೋಗಿದ್ದ ವಿಳಾಸ ಹಿಡಿದು ಹುಡುಕಿಕೊಂಡು ಹೋದೆ. ಮೇಟ್ರನಮ್ಮ ಜೊತೆಗೆ ಬರಲಿಲ್ಲ. ಯಾವ ಮುಖ ಹೊತ್ತು ಬರಲಿ, ಮೊದಲು ನೀವು ಹೋಗಿ ನಿಜ ಹೇಳಿ ಎಂದರು. ಬೇರೆ ಊರಿನ ಹೆದ್ದಾರಿಯ ಬದಿಯಲ್ಲಿ ಲಾರಿ ತೊಳೆಯುವ ಜಾಗ. ಆತ ಮೊಣಕಾಲವರೆಗೆ ಪ್ಯಾಂಟು ಮಡಚಿ, ಪೈಪು ಹಿಡಿದು ಚಕ್ರಗಳ ಕೆಸರು ತೊಳೆಯುತ್ತಿದ್ದರು. ನನಗಿಂತ ಸ್ವಲ್ಪ ಚಿಕ್ಕವರು. ನಾನು ಯಾರೆಂದು ಹೇಳಿ, ನಡೆದದ್ದೆಲ್ಲ ಹೇಳಿದೆ. ನೀರು ನಿಲ್ಲಿಸಿ ಕೇಳಿದರು. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಆತ ಪಕ್ಕದ ಟೈರಿನ ಮೇಲೆ ಕೂತು ಒಂದು ಮಾತು ಕೇಳಿದರು.

"ಅಂದ್ರೆ, ಕಚೇರಿಯಲ್ಲೇ ಬದಲಾಗಿತ್ತಾ? ಖಂಡಿತ?"

ಖಂಡಿತ ಎಂದೆ.

"ಮನೆಗೆ ತರೋವಾಗ ದಾರೀಲಿ ಔಷಧಿ ಅಂಗಡಿ ಹತ್ರ ನಿಂತಿದ್ದೆ. ಅಕ್ಕನ ಮಾತ್ರೆ ತಗೋಬೇಕಿತ್ತು. ಚೀಲ ಕಟ್ಟೆ ಮೇಲಿಟ್ಟಿದ್ದೆ. ಆಗ ಯಾರಾದ್ರೂ ಬದಲಾಯಿಸಿದ್ರಾ, ಇಲ್ಲಾ ನಾನೇ ಏನಾದ್ರೂ ಮಾಡಿ ಮರೆತಿದ್ದೀನಾ ಅಂತ... ಕುಡೀತಿದ್ದಾಗ ಹಾಗೆಲ್ಲ ಆಗಿತ್ತು. ಮಾಡಿದ್ದೇ ನೆನಪಿರ್ತಿರ್ಲಿಲ್ಲ. ಇಷ್ಟು ದಿನ ನಂಗೆ ನನ್ನ ಮೇಲೇ ನಂಬಿಕೆ ಇರ್ಲಿಲ್ಲ."

ಮತ್ತೆ ಕುಡಿಯಲು ಶುರುಮಾಡಿದಿರಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು. ಆಸೆಯಾಗಿತ್ತಂತೆ, ಕುಡಿದರೆ ಠಾಣೆಯಲ್ಲಿ ಅಂದದ್ದೆಲ್ಲ ನಿಜವಾಗಿಬಿಡುತ್ತದೆ ಎಂದು ಕುಡಿಯಲಿಲ್ಲವಂತೆ. ಅಕ್ಕ ಕಾಯುತ್ತಿದ್ದಾರೆ, ಈಗಲೇ ಹೊರಡೋಣ ಎಂದೆ. ಬೇಡವೆಂದು ತಲೆಯಾಡಿಸಿದರು.

"ಅಕ್ಕನ ಮೇಲೆ ಸಿಟ್ಟಿಲ್ಲ. ಆದ್ರೆ ಬಾಯಿಮಾತಿಗೆ ಹೋಗಲ್ಲ. ಬೀದಿಯವರೆಲ್ಲ ಪೊಲೀಸ್ ಜೀಪು ನೋಡಿದ್ದಾರೆ. ನಾಳೆ ಯಾರ ಮನೇಲಿ ಚಮಚ ಕಳೆದ್ರೂ ನನ್ನ ಮುಖಾನೇ ನೋಡ್ತಾರೆ. ತಪ್ಪು ನಮ್ಮದು ಅಂತ ಕಚೇರಿಯಿಂದ ಒಂದು ಕಾಗದ ಬರ್ಲಿ, ಬರ್ತೀನಿ."

ಇಷ್ಟು ಹೇಳಿ ಮತ್ತೆ ನೀರು ಬಿಟ್ಟರು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಹಾಳೆ. ನಿಮ್ಮ ವಶದಲ್ಲಿದ್ದಾಗ ಎರಡು ಆಯುಧಗಳು ಅದಲುಬದಲಾದವು, ಆ ಮನುಷ್ಯ ನೀವು ಕೊಟ್ಟದ್ದನ್ನೇ ಮನೆಗೆ ಒಯ್ದರು, ಅವರದೇನೂ ತಪ್ಪಿಲ್ಲ, ಎಂದು ನಿಮ್ಮ ಸಹಿ ಮತ್ತು ಮೊಹರಿನೊಂದಿಗೆ ಬರೆದುಕೊಡಿ. ಒಂದು ಪ್ರತಿ ಅವರಿಗೆ, ಒಂದು ಅಕ್ಕನಿಗೆ, ಒಂದು ಠಾಣೆಗೆ. ನಿಮ್ಮ ತಪ್ಪನ್ನು ಬರೆಯಲು ಕೈ ಬರದಿದ್ದರೆ ನನ್ನದನ್ನು ಮೊದಲು ಬರೆಯಿರಿ. ಸುಳ್ಳು ಹೇಳಿದ, ಗೊತ್ತಿದ್ದೂ ಮುಚ್ಚಿಟ್ಟ, ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬೇಕಾದರೂ ಬರೆಯಿರಿ, ಮೊಕದ್ದಮೆಯನ್ನೂ ಹೂಡಿ, ಕಟಕಟೆಯಲ್ಲಿ ನಿಂತು ಹೌದೆನ್ನುತ್ತೇನೆ. ಆದರೆ ನನ್ನ ಅಪರಾಧದ ನೆರಳಿನಲ್ಲಿ ನಿಮ್ಮದನ್ನು ಬಚ್ಚಿಡಬೇಡಿ. ಅಕ್ಕನಿಗೆ ವಯಸ್ಸಾಗಿದೆ. ಕಡತಗಳ ನಡಿಗೆಗೆ ಕಾಯುವಷ್ಟು ಕಾಲ ಅವರ ಕೈಯಲ್ಲಿದೆಯೇ ಎಂದು ನೀವೂ ಹೇಳಲಾರಿರಿ, ನಾನೂ ಹೇಳಲಾರೆ.

ನೀವು ಬರೆಯದಿದ್ದರೆ ಪತ್ರಿಕೆಯಲ್ಲಿ ಅಚ್ಚಾದ ಈ ಪತ್ರವನ್ನೇ ಕತ್ತರಿಸಿ ಅವರಿಗೆ ಕಳಿಸುತ್ತೇನೆ. ಇದಕ್ಕೆ ಮೊಹರಿಲ್ಲ. ಒಮ್ಮೆ ಸುಳ್ಳು ಹೇಳಿದವನ ಸಹಿ ಮಾತ್ರ ಇದೆ. ಅಷ್ಟನ್ನು ನಂಬಿ ಮನೆಗೆ ಬನ್ನಿ ಎಂದು ಅವರನ್ನು ಕೇಳುವ ಹಕ್ಕು ನನಗಿಲ್ಲ.

ಇಂತಿ,
ಹೇಳಬೇಕಾದಾಗ ಹೇಳದೆ, ಈಗ ಊರಿಗೆಲ್ಲ ಹೇಳುತ್ತಿರುವ
ಲಾಂಡ್ರಿ ಅಂಗಡಿಯವನು